ಚೀನಾದಲ್ಲಿ ಪಾಠ ಮಾಡುವವರಿಗೆ ಚಳಿಗಾಲದ ರಜೆ: ಎಷ್ಟು ದಿನ, ಯಾವಾಗ, ಸಂಬಳ ಬರುತ್ತಾ?

ಚೀನಾದಲ್ಲಿ ಮೇಷ್ಟ್ರ ಕೆಲಸ ಸಿಕ್ಕಿದೆ ಅಂತ ಮನೆಯಲ್ಲಿ ಹೇಳಿದರೆ ಮೊದಲ ಪ್ರಶ್ನೆ "ಅಲ್ಲಿ ಊಟಕ್ಕೇನು ಮಾಡ್ತೀಯ?" ಎರಡನೆಯದು "ರಜಕ್ಕೆ ಯಾವಾಗ ಬರ್ತೀಯ?" ಮೊದಲನೆಯದಕ್ಕೆ ಹೇಗೋ ಉತ್ತರ ಸಿಕ್ಕಿಬಿಡುತ್ತದೆ. ಎರಡನೆಯದಕ್ಕೆ ಕೆಲಸಕ್ಕೆ ಸೇರಿ ಮೂರು ತಿಂಗಳಾದ ಮೇಲೂ ಎಷ್ಟೋ ಜನರ ಹತ್ತಿರ ಸರಿಯಾದ ಉತ್ತರ ಇರುವುದಿಲ್ಲ. ಶಾಲೆಯ ಆಫೀಸಿನಲ್ಲಿ ಕೇಳಿದರೆ "ಇನ್ನೂ ಗೊತ್ತಾಗಿಲ್ಲ, ಹೇಳ್ತೀವಿ" ಅನ್ನುತ್ತಾರೆ. ಅಷ್ಟರಲ್ಲಿ ವಿಮಾನದ ಟಿಕೆಟ್ ದರ ಏರುತ್ತಾ ಹೋಗುತ್ತದೆ.

ಗೊಂದಲದ ಮೂಲ ಇಷ್ಟೇ. ಚಳಿಗಾಲದ ರಜೆ ಎಂದು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಮೂರು ರಜೆಗಳಿವೆ. ಒಂದನ್ನು ಕೊಡುವುದು ದೇಶದ ಸರ್ಕಾರ. ಅದು ಹಬ್ಬದ ರಜೆ, ಎಂಟೊಂಬತ್ತು ದಿನ. ಇನ್ನೊಂದನ್ನು ಕೊಡುವುದು ಆಯಾ ಊರಿನ ಅಥವಾ ಪ್ರಾಂತ್ಯದ ಶಿಕ್ಷಣ ಇಲಾಖೆ. ಅದು ಶಾಲೆಯ ರಜೆ, ಮೂರು ವಾರದಿಂದ ಹಿಡಿದು ಒಂದೂವರೆ ತಿಂಗಳು, ಕೆಲವು ಕಡೆ ಅದಕ್ಕಿಂತ ಜಾಸ್ತಿ. ಮೂರನೆಯದು ನಿಮ್ಮ ಕರಾರುಪತ್ರದಲ್ಲಿ ಬರೆದಿರುವುದು. ಕೊನೆಗೆ ನಿಮ್ಮ ಕೈಗೆ ಸಿಗುವುದು ಈ ಮೂರನೆಯದೇ. ಆದರೆ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಎರಡನೆಯದನ್ನು ಬಾಯಲ್ಲಿ ಹೇಳಿ, ಮೊದಲನೆಯದನ್ನು ಕಾಗದದಲ್ಲಿ ಬರೆಯುವ ಜಾಣರೂ ಇದ್ದಾರೆ. ಆದ್ದರಿಂದ ಮೂರನ್ನೂ ಬಿಡಿಸಿ ನೋಡುವುದು ಒಳ್ಳೆಯದು.

ಅಮಾವಾಸ್ಯೆ ನೋಡಿಕೊಂಡು ಬರುವ ಹಬ್ಬ

ಚೀನಾದ ಶಾಲೆಗಳಲ್ಲಿ ವರ್ಷಕ್ಕೆ ಎರಡು ಸೆಮಿಸ್ಟರ್. ಮೊದಲನೆಯದು ಸೆಪ್ಟೆಂಬರ್ 1ರ ಆಸುಪಾಸಿಗೆ ಶುರುವಾಗುತ್ತದೆ. ಎರಡನೆಯದು ಜೂನ್ ಕೊನೆಗೆ ಅಥವಾ ಜುಲೈ ಮೊದಲ ವಾರಗಳಲ್ಲಿ ಮುಗಿಯುತ್ತದೆ. ನಡುವೆ ಬರುವುದೇ ಚಳಿಗಾಲದ ರಜೆ. ಅದು ಯಾವಾಗ ಬರಬೇಕು ಎನ್ನುವುದನ್ನು ತೀರ್ಮಾನಿಸುವುದು ಚೀನೀಯರ ಹೊಸ ವರ್ಷ, ಅಂದರೆ ಅವರ ವಸಂತ ಹಬ್ಬ. ಹಬ್ಬ ರಜೆಯ ಒಳಗೇ ಬರುವಂತೆ ಶಾಲೆಯ ಇಡೀ ವೇಳಾಪಟ್ಟಿಯನ್ನು ಹೊಂದಿಸುತ್ತಾರೆ.

ಈ ಹಬ್ಬ ಜನವರಿ 21ರಿಂದ ಫೆಬ್ರವರಿ 20ರ ನಡುವೆ ಎಲ್ಲಿ ಬೇಕಾದರೂ ಬರಬಹುದು. 2023ರಲ್ಲಿ ಜನವರಿ 22ಕ್ಕೆ ಬಂತು. 2024ರಲ್ಲಿ ಫೆಬ್ರವರಿ 10, 2025ರಲ್ಲಿ ಜನವರಿ 29, 2026ರಲ್ಲಿ ಫೆಬ್ರವರಿ 17. 2027ಕ್ಕೆ ಫೆಬ್ರವರಿ 6, 2028ಕ್ಕೆ ಜನವರಿ 26. ಅಮೆರಿಕ, ಇಂಗ್ಲೆಂಡಿನಿಂದ ಬಂದ ಮೇಷ್ಟ್ರುಗಳಿಗೆ ಈ ಜರುಗಾಟ ತಲೆಗೆ ಹತ್ತುವುದು ಕಷ್ಟ. ನಮಗೆ ಹಾಗಲ್ಲ. ಯುಗಾದಿ ಒಂದು ವರ್ಷ ಮಾರ್ಚ್‌ನಲ್ಲಿ, ಇನ್ನೊಂದು ವರ್ಷ ಏಪ್ರಿಲ್‌ನಲ್ಲಿ ಬರುವುದನ್ನು ನೋಡುತ್ತಲೇ ಬೆಳೆದವರು ನಾವು. ಅವರದೂ ನಮ್ಮ ಹಾಗೆ ಚಂದ್ರನ ತಿಂಗಳು, ಸೂರ್ಯನ ವರ್ಷ ಎರಡನ್ನೂ ಹೊಂದಿಸುವ ಪಂಚಾಂಗ. ಅಮಾವಾಸ್ಯೆಯ ದಿನವೇ ಅವರ ತಿಂಗಳು ಶುರು. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ ಅವರಿಗೂ ಇದೆ. 2026ರಲ್ಲಿ ನಮ್ಮ ಮಹಾಶಿವರಾತ್ರಿ ಫೆಬ್ರವರಿ 15ಕ್ಕೆ ಬಂತು, ಅವರ ಹೊಸ ವರ್ಷ ಅದಾದ ಎರಡೇ ದಿನಕ್ಕೆ.

ಹಾಗಂತ ಯುಗಾದಿಯನ್ನು ನೋಡಿಕೊಂಡು ಲೆಕ್ಕ ಹಾಕಿದರೆ ಕೆಲವೊಮ್ಮೆ ಕೈ ಕೊಡುತ್ತದೆ. 2026ರಲ್ಲಿ ಅವರ ಹೊಸ ವರ್ಷ ಕಳೆದು ಸರಿಯಾಗಿ 30 ದಿನಕ್ಕೆ, ಮಾರ್ಚ್ 19ಕ್ಕೆ ಯುಗಾದಿ. 2027ರಲ್ಲಿ ಅಂತರ 60 ದಿನ: ಅವರದು ಫೆಬ್ರವರಿ 6, ನಮ್ಮ ಯುಗಾದಿ ಏಪ್ರಿಲ್ 7. ಕಾರಣ, ಅವರ ಅಧಿಕ ಮಾಸ 2025ರಲ್ಲೇ ಮುಗಿದುಹೋಯಿತು, ನಮ್ಮ ಅಧಿಕ ಜ್ಯೇಷ್ಠ ಬಂದದ್ದು 2026ರಲ್ಲಿ. ಪಂಚಾಂಗದ ತತ್ವ ಒಂದೇ ಆದರೂ ಅಧಿಕ ಮಾಸ ಎಲ್ಲಿ ಬರಬೇಕು ಎನ್ನುವ ಲೆಕ್ಕ ಬೇರೆ.

ಹಬ್ಬ ಜರುಗಿದರೆ ಶಾಲೆಯೊಳಗೆ ಏನಾಗುತ್ತದೆ? ಹಬ್ಬ ಬೇಗ ಬಂದ ವರ್ಷ ಮೊದಲ ಸೆಮಿಸ್ಟರ್ ಮೊಟಕಾಗುತ್ತದೆ. ಜನವರಿ ಮೊದಲ ಹದಿನೈದು ದಿನದಲ್ಲೇ ಪರೀಕ್ಷೆ ಮುಗಿಸಿ ಬೀಗ ಹಾಕುತ್ತಾರೆ. ಆಮೇಲೆ ಬರುವ ಎರಡನೇ ಸೆಮಿಸ್ಟರ್ ಉದ್ದವಾಗುತ್ತದೆ. ಹಬ್ಬ ತಡವಾದ ವರ್ಷ ಇದು ಉಲ್ಟಾ. ಜನವರಿ ಕೊನೆಯವರೆಗೂ ಪಾಠ, ಪರೀಕ್ಷೆ ಎಳೆಯುತ್ತದೆ, ಮತ್ತೆ ಶಾಲೆ ತೆರೆಯುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಆದ್ದರಿಂದ "ಹೋದ ವರ್ಷ ಜನವರಿ 15ಕ್ಕೆ ಬಿಟ್ಟಿದ್ರು, ಈ ಸಲವೂ ಅಷ್ಟೊತ್ತಿಗೇ" ಎಂದು ಟಿಕೆಟ್ ತೆಗೆಯುವವರು ಪೆಟ್ಟು ತಿನ್ನುತ್ತಾರೆ.

ಒಂಬತ್ತು ದಿನದ ಹಬ್ಬದಲ್ಲಿ ನಿಜವಾದ ರಜೆ ನಾಲ್ಕೇ

ಈಗ ಸರ್ಕಾರ ಕೊಡುವ ಹಬ್ಬದ ರಜೆಯನ್ನು ಹತ್ತಿರದಿಂದ ನೋಡೋಣ. ಇದು ವಿಚಿತ್ರ ವ್ಯವಸ್ಥೆ. ಹೊಸದಾಗಿ ಹೋದವರು ಹೆಚ್ಚು ಬೇಜಾರು ಮಾಡಿಕೊಳ್ಳುವುದೂ ಇಲ್ಲೇ.

ಚೀನಾದಲ್ಲಿ ಕಾನೂನು ಪ್ರಕಾರ ವರ್ಷಕ್ಕೆ 11 ಸಾರ್ವತ್ರಿಕ ರಜೆ ಇದ್ದವು. 2025ರ ಜನವರಿ 1ರಿಂದ ಅದು 13 ಆಯಿತು. ಹೆಚ್ಚಾದ ಎರಡರಲ್ಲಿ ಒಂದು ಮೇ 2, ಇನ್ನೊಂದು ವಸಂತ ಹಬ್ಬದ ಹಿಂದಿನ ದಿನ. ಆ ದಿನ ರಾತ್ರಿ ಮನೆಮಂದಿಯೆಲ್ಲ ಕೂತು ಊಟ ಮಾಡುತ್ತಾರೆ. ಚೀನೀಯರಿಗೆ ಅದೇ ಹಬ್ಬದ ಮುಖ್ಯ ಹೊತ್ತು. ಹೀಗೆ ವಸಂತ ಹಬ್ಬಕ್ಕೆ ಈಗ ಕಾನೂನಿನ ರಜೆ ನಾಲ್ಕು ದಿನ.

ನಾಲ್ಕು ದಿನ ಒಂಬತ್ತು ದಿನ ಆಗುವುದು ಹೇಗೆ? 2026ರ ಫೆಬ್ರವರಿಯನ್ನೇ ತೆಗೆದುಕೊಳ್ಳಿ. ಸರ್ಕಾರದ ಪ್ರಕಟಣೆಯಲ್ಲಿ ಫೆಬ್ರವರಿ 15ರಿಂದ 23ರವರೆಗೆ ರಜೆ ಎಂದಿತ್ತು. ಅದರಲ್ಲಿ 16ರಿಂದ 19ರವರೆಗಿನ ನಾಲ್ಕು ದಿನ ಕಾನೂನಿನ ರಜೆ. 15 ಭಾನುವಾರ, 21 ಶನಿವಾರ, 22 ಭಾನುವಾರ. ಇವು ಹೇಗೂ ವಾರದ ರಜೆಗಳು. ಉಳಿದದ್ದು 20ರ ಶುಕ್ರವಾರ, 23ರ ಸೋಮವಾರ. ಇವೆರಡೂ ಕೆಲಸದ ದಿನಗಳೇ. ಅವನ್ನು ರಜೆಗೆ ಸೇರಿಸಿ, ಬದಲಿಗೆ 14ರ ಶನಿವಾರ ಮತ್ತು 28ರ ಶನಿವಾರ ಕೆಲಸಕ್ಕೆ ಬನ್ನಿ ಎಂದರು. ಸಾಲ ಕೊಟ್ಟು ಸಾಲ ತೀರಿಸಿಕೊಂಡ ಹಾಗೆ. ಚೀನೀ ಭಾಷೆಯಲ್ಲಿ ಇದನ್ನು ತಿಯಾವ್‌ಶಿಯೂ ಅನ್ನುತ್ತಾರೆ. ಅಲ್ಲಿನ ಜನ ವರ್ಷಾ ವರ್ಷಾ ಇದನ್ನು ಬೈಯುತ್ತಲೇ ಇರುತ್ತಾರೆ, ಸರ್ಕಾರ ಮಾಡುತ್ತಲೇ ಇರುತ್ತದೆ.

ಶಾಲೆಯಲ್ಲಿ ಪಾಠ ಮಾಡುವವರಿಗೆ ವಸಂತ ಹಬ್ಬದ ಈ ಕೊಡುಕೊಳ್ಳುವಿಕೆ ಹೆಚ್ಚಾಗಿ ತಟ್ಟುವುದಿಲ್ಲ, ಯಾಕೆಂದರೆ ಇಡೀ ಶಾಲೆಯೇ ರಜೆಯಲ್ಲಿರುತ್ತದೆ. ಆದರೆ ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆಗೆ, ಮೇ ರಜೆಗೆ ಚೆನ್ನಾಗಿಯೇ ತಟ್ಟುತ್ತದೆ. "ಈ ಭಾನುವಾರ ಶಾಲೆ ಇದೆ, ಬುಧವಾರದ ಟೈಮ್‌ಟೇಬಲ್ ನಡೆಯುತ್ತೆ" ಎಂದು ಶುಕ್ರವಾರ ಸಂಜೆ ವೀಚಾಟ್ (ನಮ್ಮ ವಾಟ್ಸಾಪ್ ಥರದ ಅಲ್ಲಿನ ಆ್ಯಪ್) ಗುಂಪಿನಲ್ಲಿ ಸಂದೇಶ ಬರುವುದು ಅಲ್ಲಿ ಮಾಮೂಲು.

ನಾಲ್ಕು ದಿನ, ಒಂಬತ್ತು ದಿನ ಎಂಬ ವ್ಯತ್ಯಾಸ ಸುಮ್ನೆ ಲೆಕ್ಕದ ಆಟವಲ್ಲ, ದುಡ್ಡಿನ ವಿಷಯ. ಚೀನಾದ ಕಾರ್ಮಿಕ ಕಾನೂನಿನ ಪ್ರಕಾರ ಕಾನೂನಿನ ರಜೆಯ ದಿನ ಕೆಲಸ ಮಾಡಿಸಿದರೆ ಮೂರು ಪಟ್ಟು ಸಂಬಳ ಕೊಡಬೇಕು. ಬರೀ ವಾರದ ರಜೆಯ ದಿನವಾದರೆ ಎರಡು ಪಟ್ಟು, ಅದೂ ಬದಲಿ ರಜೆ ಕೊಡದಿದ್ದರೆ ಮಾತ್ರ. ಅಂದರೆ 2026ರಲ್ಲಿ ಯಾರನ್ನಾದರೂ ಫೆಬ್ರವರಿ 18ಕ್ಕೆ ಕ್ಲಾಸಿಗೆ ಕರೆದಿದ್ದರೆ ಮೂರು ಪಟ್ಟು. 21ಕ್ಕೆ ಕರೆದಿದ್ದರೆ "ಇನ್ನೊಂದು ದಿನ ರಜೆ ತಗೊಳ್ಳಿ" ಎಂದು ಮುಗಿಸಬಹುದಿತ್ತು. ಕೆಲಸದ ಹೊತ್ತು, ರಜೆ ಇವುಗಳ ನಿಯಮ ವಿದೇಶಿ ನೌಕರರಿಗೂ ಅನ್ವಯಿಸುತ್ತದೆ ಎಂದು 1996ರಿಂದಲೇ ಅಲ್ಲಿನ ನಿಯಮಾವಳಿಯಲ್ಲಿದೆ.

ಬೀಜಿಂಗಿಗೆ ಒಂದು, ಹಾರ್ಬಿನ್‌ಗೆ ಒಂದು

ಶಾಲೆಯ ರಜೆಯನ್ನು ಕೇಂದ್ರ ಸರ್ಕಾರ ಹೇಳುವುದಿಲ್ಲ. ಪ್ರಾಂತ್ಯ ಅಥವಾ ನಗರದ ಶಿಕ್ಷಣ ಇಲಾಖೆ ಶೈಕ್ಷಣಿಕ ವರ್ಷದ ಕ್ಯಾಲೆಂಡರ್ ಹೊರಡಿಸುತ್ತದೆ. ಸಾಮಾನ್ಯವಾಗಿ ಬೇಸಿಗೆ ರಜೆಯ ಹೊತ್ತಿಗೇ ಅದು ಬಂದುಬಿಟ್ಟಿರುತ್ತದೆ. ಆಫೀಸಿನವರು "ಇನ್ನೂ ಗೊತ್ತಿಲ್ಲ" ಅಂದರೂ ಇಲಾಖೆಯ ಕ್ಯಾಲೆಂಡರಿನಲ್ಲಿ ತಾರೀಕು ಇರುವ ಸಾಧ್ಯತೆ ಜಾಸ್ತಿ. ಚೀನೀ ಓದಲು ಬರುವ ಸಹೋದ್ಯೋಗಿಯ ಹತ್ತಿರ "ನಮ್ಮ ಊರಿನ ಈ ವರ್ಷದ ಶಾಲಾ ಕ್ಯಾಲೆಂಡರ್ ತೋರಿಸಿ" ಎಂದು ಕೇಳಿ. ಎರಡು ನಿಮಿಷದ ಕೆಲಸ.

ವರ್ಷದ 52 ವಾರದಲ್ಲಿ 39 ವಾರ ಶಾಲೆ, ಮಿಕ್ಕ 13 ವಾರ ರಜೆ. ಒಂದರಿಂದ ಒಂಬತ್ತನೇ ತರಗತಿಯವರೆಗೆ ಸರ್ಕಾರ ಇಟ್ಟಿರುವ ಲೆಕ್ಕ ಇದು. ಈ 13 ವಾರವನ್ನು ಚಳಿಗಾಲಕ್ಕೆ ಎಷ್ಟು, ಬೇಸಿಗೆಗೆ ಎಷ್ಟು ಎಂದು ಹಂಚುವುದು ಆಯಾ ಊರಿನ ಹವೆ ನೋಡಿಕೊಂಡು. ಈಶಾನ್ಯ ತುದಿಯ ಹೆಯ್‌ಲಾಂಗ್‌ಜಿಯಾಂಗ್ ಪ್ರಾಂತ್ಯದ ಹಾರ್ಬಿನ್‌ನಲ್ಲಿ ಜನವರಿಯ ರಾತ್ರಿಗಳು ಸೊನ್ನೆಗಿಂತ 20 ಡಿಗ್ರಿ ಕೆಳಗಿರುತ್ತವೆ. ಅಲ್ಲಿ ಮಕ್ಕಳನ್ನು ಬೆಳಗಿನ ಕತ್ತಲಲ್ಲಿ ಶಾಲೆಗೆ ಕಳಿಸುವುದಕ್ಕಿಂತ ಮನೆಯಲ್ಲಿಟ್ಟುಕೊಳ್ಳುವುದೇ ವಾಸಿ. ಹಾಗಾಗಿ ಚಳಿಗಾಲದ ರಜೆ ಉದ್ದ, ಬೇಸಿಗೆ ರಜೆ ಗಿಡ್ಡ. ದಕ್ಷಿಣದ ಗುವಾಂಗ್‌ಡಾಂಗ್‌ನಲ್ಲಿ ಇದು ತಿರುಗಾಮುರುಗಾ. ಅಲ್ಲಿ ಸೆಕೆ ಜಾಸ್ತಿ, ಬೇಸಿಗೆ ರಜೆ ಉದ್ದ. ಚಳಿಗಾಲಕ್ಕೆ ಮೂರ್ನಾಲ್ಕು ವಾರ ಸಿಕ್ಕರೆ ಹೆಚ್ಚು.

ಇದರಲ್ಲೊಂದು ತಮಾಷೆ ಇದೆ. ಹಾರ್ಬಿನ್, ಬೀಜಿಂಗ್‌ನಂಥ ಉತ್ತರದ ಊರುಗಳಲ್ಲಿ ಊರಿಗೆ ಊರನ್ನೇ ಬಿಸಿಯಾಗಿಡುವ ಕೊಳವೆ ವ್ಯವಸ್ಥೆ ಇದೆ. ಬೀಜಿಂಗ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಅದು ನಡೆಯುತ್ತದೆ. ಕ್ಲಾಸಿನೊಳಗೆ ಅಂಗಿಯಲ್ಲಿ ನಿಂತು ಪಾಠ ಮಾಡಬಹುದು. ಹುವಾಯ್ ನದಿ ಮತ್ತು ಛಿನ್‌ಲಿಂಗ್ ಬೆಟ್ಟಸಾಲಿನ ದಕ್ಷಿಣಕ್ಕೆ ಈ ಸೌಲಭ್ಯ ಸಾಮಾನ್ಯವಾಗಿ ಇಲ್ಲ. ವುಹಾನ್, ನಾನ್‌ಚಾಂಗ್ ಕಡೆ ಜನವರಿಯಲ್ಲಿ ಚಳಿ ಮೂಳೆಗಿಳಿಯುತ್ತದೆ. ಮಕ್ಕಳು, ಮೇಷ್ಟ್ರು ಎಲ್ಲರೂ ದಪ್ಪ ಕೋಟು ಹಾಕಿಕೊಂಡೇ ಕ್ಲಾಸಿನಲ್ಲಿ ಕೂರುತ್ತಾರೆ. ನಮ್ಮ ಕಡೆಯವರು "ದಕ್ಷಿಣ ಅಲ್ವಾ, ಬೆಚ್ಚಗಿರುತ್ತೆ" ಎಂದುಕೊಂಡು ಹೋಗಿ ನಡುಗುವುದು ಅಲ್ಲೇ.

ಯಾವ ಶಾಲೆ ಎಂಬುದರ ಮೇಲೆ ಎಲ್ಲ ನಿಂತಿದೆ

ಸರ್ಕಾರಿ ಶಾಲೆಯಾದರೆ ಇಲಾಖೆಯ ಕ್ಯಾಲೆಂಡರೇ ನಿಮ್ಮ ಕ್ಯಾಲೆಂಡರ್. ವಿಶ್ವವಿದ್ಯಾಲಯವಾದರೆ ಇನ್ನೂ ಅನುಕೂಲ, ಐದಾರು ವಾರ ರಜೆ ಸಿಗುವುದು ಸಾಮಾನ್ಯ. ಸಂಬಳ ಸರ್ಕಾರಿ ಶಾಲೆಗಿಂತಲೂ ಕಡಿಮೆ ಇರಬಹುದು, ಆದರೆ ಬಿಡುವು ಬೇಕು ಎನ್ನುವವರು ಅದಕ್ಕೇ ಅಲ್ಲಿ ಉಳಿದುಬಿಡುತ್ತಾರೆ.

ವಿದೇಶಿಯರ ಮಕ್ಕಳಿಗಾಗಿ ಇರುವ ಇಂಟರ್‌ನ್ಯಾಷನಲ್ ಶಾಲೆಗಳದ್ದು ಬೇರೆಯೇ ಲೋಕ. ಅಲ್ಲಿ ಕ್ರಿಸ್ಮಸ್‌ಗೆ ಎರಡು ಮೂರು ವಾರ ರಜೆ, ವಸಂತ ಹಬ್ಬಕ್ಕೆ ಒಂದೋ ಎರಡೋ ವಾರ. ಕನ್ನಡಿಗರಿಗೆ ಇದು ಮುಖ್ಯ. ಚೀನಾದಲ್ಲಿ ಭಾಷೆ ಕಲಿಸಲು ಬರುವ ವಿದೇಶಿಯರು ತಮ್ಮ ತಾಯ್ನುಡಿಯನ್ನೇ ಕಲಿಸುವವರಾಗಿರಬೇಕು ಎಂಬ ನಿಯಮವಿದೆ. ಹಾಗಾಗಿ ಭಾರತದ ಪಾಸ್‌ಪೋರ್ಟಿನವರಿಗೆ ಇಂಗ್ಲಿಷ್ ಮೇಷ್ಟ್ರ ಕೆಲಸಕ್ಕೆ ಪರ್ಮಿಟ್ ಸಿಗುವುದು ಕಷ್ಟ. ನಮ್ಮವರು ಹೆಚ್ಚಾಗಿ ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ವಿಷಯಗಳಿಗೆ, ಐಬಿ ಅಥವಾ ಎ ಲೆವೆಲ್‌ನಂಥ ಅಂತರರಾಷ್ಟ್ರೀಯ ಪಠ್ಯಕ್ರಮ ಇರುವ ಕಡೆ ಹೋಗುತ್ತಾರೆ. ಆದರೆ ಐಬಿ ಎಂದ ಮಾತ್ರಕ್ಕೆ ಕ್ರಿಸ್ಮಸ್ ರಜೆ ಇರುತ್ತದೆ ಎಂದುಕೊಳ್ಳಬೇಡಿ. ಚೀನೀ ಮಕ್ಕಳೇ ಓದುವ ಖಾಸಗಿ ದ್ವಿಭಾಷಾ ಶಾಲೆಗಳಲ್ಲೂ, ಕೆಲವು ಸರ್ಕಾರಿ ಹೈಸ್ಕೂಲುಗಳ ಇಂಟರ್‌ನ್ಯಾಷನಲ್ ವಿಭಾಗಗಳಲ್ಲೂ ಅದೇ ಪಠ್ಯಕ್ರಮ ಇರುತ್ತದೆ. ಅವು ನಡೆಯುವುದು ಚೀನೀ ಕ್ಯಾಲೆಂಡರಿನ ಮೇಲೆ. ಬೋರ್ಡಿನ ಮೇಲಿನ ಹೆಸರಿಗಿಂತ, ಓದುವ ಮಕ್ಕಳು ಯಾರು ಎಂದು ಕೇಳಿ. ರಜೆ ಯಾವ ಕ್ಯಾಲೆಂಡರಿನದು ಎಂದು ಅದರಿಂದ ಗೊತ್ತಾಗುತ್ತದೆ.

ಚೀನಾದಲ್ಲಿ ಡಿಸೆಂಬರ್ 25 ಮಾಮೂಲಿ ಕೆಲಸದ ದಿನ. ಹಾಂಗ್‌ಕಾಂಗ್, ಮಕಾವ್‌ನಲ್ಲಿ ಅದು ಸಾರ್ವತ್ರಿಕ ರಜೆ, ಆದರೆ ಗಡಿ ದಾಟಿ ಶೆನ್‌ಜೆನ್‌ಗೆ ಬಂದರೆ ಇಲ್ಲ. ಕೆಲವು ಶಾಲೆಗಳು ವಿದೇಶಿ ಮೇಷ್ಟ್ರಿಗೆ ಅಂತ ಒಂದೆರಡು ದಿನ ಬಿಡುತ್ತವೆ. ಅದು ಅವರ ಒಳ್ಳೆಯತನ, ಹಕ್ಕಲ್ಲ.

ಇನ್ನು ಟ್ಯೂಷನ್ ಸೆಂಟರ್‌ಗಳು. ಮಕ್ಕಳಿಗೆ ರಜೆ ಬಂದಾಗಲೇ ಇವರಿಗೆ ಸುಗ್ಗಿ. ಒಂದು ಕಾಲಕ್ಕೆ ಚಳಿಗಾಲದ ರಜೆಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಕ್ಲಾಸು, ಹಬ್ಬದ ಏಳೆಂಟು ದಿನ ಮಾತ್ರ ಬಾಗಿಲು ಮುಚ್ಚುತ್ತಿದ್ದರು. 2021ರ ಜುಲೈನಲ್ಲಿ ಸರ್ಕಾರ ಮಕ್ಕಳ ಹೋಂವರ್ಕ್ ಮತ್ತು ಟ್ಯೂಷನ್ ಎರಡರ ಹೊರೆ ಇಳಿಸುವ ನೀತಿ ತಂದಿತು. ಒಂಬತ್ತನೇ ತರಗತಿವರೆಗಿನ ಮಕ್ಕಳಿಗೆ ವಾರದ ರಜೆ, ಹಬ್ಬ, ಚಳಿಗಾಲ, ಬೇಸಿಗೆ ರಜೆಗಳಲ್ಲಿ ಪಠ್ಯ ವಿಷಯಗಳ ಟ್ಯೂಷನ್ ಮಾಡುವಂತಿಲ್ಲ ಎಂದಿತು. ಇಂಗ್ಲಿಷ್ ಕೂಡ ಆ ಪಟ್ಟಿಯಲ್ಲಿತ್ತು. ದೊಡ್ಡ ದೊಡ್ಡ ಸೆಂಟರ್‌ಗಳೇ ಮುಚ್ಚಿಹೋದವು. ಉಳಿದವು ನಾಟಕ, ಚಿತ್ರ, ರೋಬೋಟ್ ಎಂದು ಹೆಸರು ಬದಲಿಸಿಕೊಂಡು ನಡೆಯುತ್ತಿವೆ. ಅಂಥ ಕಡೆ ಸೇರುವವರಿಗೆ "ಚಳಿಗಾಲದ ರಜೆ" ಎಂದರೆ ಈಗಲೂ ಹಬ್ಬದ ವಾರ ಮಾತ್ರ. ಖಾಸಗಿ ಶಿಶುವಿಹಾರಗಳೂ ಹೆಚ್ಚುಕಮ್ಮಿ ಹೀಗೇ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಅವು ತಿಂಗಳುಗಟ್ಟಲೆ ಮುಚ್ಚುವುದಿಲ್ಲ.

ಪಾಠ ನಿಂತರೂ ರಜೆ ಶುರುವಾಗಿರುವುದಿಲ್ಲ

ಸರ್ಕಾರಿ ಶಾಲೆಗಳಲ್ಲಿ ವಿದೇಶಿ ಮೇಷ್ಟ್ರಿಗೆ ಒಂದು ವಿಚಿತ್ರ ಅವಧಿ ಬರುತ್ತದೆ. ಡಿಸೆಂಬರ್ ಕೊನೆ ಹತ್ತಿರವಾಗುತ್ತಿದ್ದಂತೆ ಮಾತಾಡುವ ಇಂಗ್ಲಿಷ್ ಪೀರಿಯಡ್‌ಗಳು ಒಂದೊಂದಾಗಿ ಮಾಯವಾಗುತ್ತವೆ. ಕ್ಲಾಸಿಗೆ ಹೋದರೆ ಗಣಿತದ ಮೇಡಂ ಅದಾಗಲೇ ಬೋರ್ಡಿನ ತುಂಬ ಲೆಕ್ಕ ಬರೆದು ನಿಂತಿರುತ್ತಾರೆ. "ಪರೀಕ್ಷೆ ಹತ್ತಿರ ಬಂತಲ್ಲ, ಇವತ್ತು ಈ ಪೀರಿಯಡ್ ನಾನು ತಗೊಳ್ಳಲಾ?" ಕೇಳುವಷ್ಟರಲ್ಲಿ ತಗೊಂಡಾಗಿರುತ್ತದೆ. ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ ಮಾತಾಡುವ ಇಂಗ್ಲಿಷಿಗೆ ಅಂಕ ಇರುವುದಿಲ್ಲ, ಗಣಿತಕ್ಕೆ ಇರುತ್ತದೆ. ಅಷ್ಟೇ ಕಾರಣ.

ಹೀಗಾಗಿ ಶಾಲೆ ಅಧಿಕೃತವಾಗಿ ಮುಚ್ಚುವ ಒಂದೆರಡು ವಾರ ಮೊದಲೇ ವಿದೇಶಿ ಮೇಷ್ಟ್ರ ಕೈ ಖಾಲಿಯಾಗುತ್ತದೆ. ಆಗ ಊರಿಗೆ ಹೊರಡಬಹುದಾ? ಕೆಲವು ಶಾಲೆಗಳು ಖುಷಿಯಿಂದ ಬಿಡುತ್ತವೆ. ಕೆಲವು, ಪಾಠ ಇಲ್ಲದಿದ್ದರೂ ಬೆಳಗ್ಗೆಯಿಂದ ಸಂಜೆವರೆಗೆ ಆಫೀಸಿನಲ್ಲಿ ಕೂರಬೇಕು ಎನ್ನುತ್ತವೆ. ಇನ್ನು ಕೆಲವು ಕಡೆ "ಹೋಗಿ" ಎಂದವರೇ, ಟಿಕೆಟ್ ತೆಗೆದ ಮೇಲೆ ಮಕ್ಕಳ ಕಾರ್ಯಕ್ರಮವೊಂದನ್ನು ಇಟ್ಟುಕೊಂಡು "ನೀವಿರಲೇಬೇಕು" ಎನ್ನುತ್ತಾರೆ. ಆದ್ದರಿಂದ ಬಾಯಿಮಾತಿನ ಒಪ್ಪಿಗೆಗೆ ಟಿಕೆಟ್ ತೆಗೆಯಬೇಡಿ. ವೀಚಾಟ್‌ನಲ್ಲಿ ಒಂದು ಸಾಲು ಬರೆಸಿಕೊಂಡರೂ ಸಾಕು. ಅಲ್ಲಿ ಎಲ್ಲ ವ್ಯವಹಾರ ನಡೆಯುವುದು ಅದರಲ್ಲೇ.

ಇನ್ನೊಂದು ತುದಿಯಲ್ಲೂ ಇದೇ ಕಥೆ. ಮಕ್ಕಳಿಗೆ ಶಾಲೆ ಶುರುವಾಗುವ ಕೆಲವು ದಿನ ಮೊದಲೇ ಮೇಷ್ಟ್ರುಗಳು ಮೀಟಿಂಗಿಗೆ ಬರಬೇಕು. ಇದು ವಿದೇಶಿಯರಿಗೂ ಅನ್ವಯಿಸುತ್ತದಾ ಎಂದು ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ಹನ್ನೆರಡನೇ ತರಗತಿಗೆ ಪಾಠ ಮಾಡುವವರಿಗೆ ರಜೆ ಇನ್ನೂ ಕಡಿಮೆ. ಜೂನ್ 7ಕ್ಕೆ ಗಾವ್‌ಕಾವ್, ಅಂದರೆ ಅಲ್ಲಿನ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ ಶುರುವಾಗುತ್ತದೆ. ಅದನ್ನು ಬರೆಯುವ ಮಕ್ಕಳನ್ನು ತಿಂಗಳಾನುಗಟ್ಟಲೆ ಮನೆಗೆ ಬಿಡುವ ಧೈರ್ಯ ಹೆಚ್ಚಿನ ಶಾಲೆಗಳಿಗಿಲ್ಲ.

ಸಂಬಳ: ಕರಾರಿನ ಒಂದು ಸಾಲು

ಎರಡು ಕರಾರುಗಳನ್ನು ಪಕ್ಕ ಪಕ್ಕ ಇಟ್ಟುಕೊಳ್ಳಿ. ಒಂದರಲ್ಲಿ "ರಾಷ್ಟ್ರೀಯ ರಜೆಗಳು ಸಂಬಳ ಸಹಿತ" ಎಂದಿದೆ. ಇನ್ನೊಂದರಲ್ಲಿ "ಶಾಲೆಯ ಚಳಿಗಾಲದ ರಜೆಯಲ್ಲಿ ಪೂರ್ತಿ ಸಂಬಳ" ಎಂದಿದೆ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಮೊದಲನೆಯದರಲ್ಲಿ ನಿಮಗೆ ಖಚಿತವಾಗಿ ಸಂಬಳ ಸಿಗುವುದು ಹಬ್ಬದ ದಿನಗಳಿಗೆ ಮಾತ್ರ. ಮಿಕ್ಕ ಮೂರು ನಾಲ್ಕು ವಾರದ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ಎರಡನೆಯದು ಇಡೀ ರಜೆಗೆ ಸಂಬಳ ಕೊಡುತ್ತದೆ. ಇವೆರಡರ ನಡುವೆ "ಅರ್ಧ ಸಂಬಳ", "ಮೂಲ ವೇತನ ಮಾತ್ರ" ಎಂಬ ಬಗೆಗಳೂ ಇವೆ. ಕರಾರು ಎರಡು ಭಾಷೆಯಲ್ಲಿದ್ದರೆ ಚೀನೀ ಪ್ರತಿಯೇ ಅಂತಿಮ ಎಂದು ಕೊನೆಯಲ್ಲಿ ಬರೆದಿರುವುದುಂಟು. ಆ ಸಾಲನ್ನು ಚೀನೀ ಬಲ್ಲವರಿಂದ ಓದಿಸಿ ಸಹಿ ಹಾಕಿ.

ಸರ್ಕಾರಿ ಶಾಲೆಗಳಲ್ಲಿ ಚಳಿಗಾಲದ ರಜೆಗೆ ಸಂಬಳ ಕೊಟ್ಟು ಬೇಸಿಗೆ ರಜೆಗೆ ಕೊಡದಿರುವುದು ಹೆಚ್ಚು. ಇದಕ್ಕೆ ಸರಳ ಕಾರಣವಿದೆ. ಸೆಪ್ಟೆಂಬರಿನಿಂದ ಜೂನ್ ಕೊನೆವರೆಗೆ ಹತ್ತು ತಿಂಗಳ ಕರಾರು ಮಾಡಿದರೆ ಬೇಸಿಗೆ ರಜೆ ಕರಾರಿನ ಹೊರಗೇ ಉಳಿಯುತ್ತದೆ. ಚಳಿಗಾಲದ್ದು ನಟ್ಟನಡುವೆ ಬರುವುದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಹಾಗೆಂದೇ ಬುದ್ಧಿವಂತ ಶಾಲೆಗಳು ಚಳಿಗಾಲದ ಸಂಬಳವನ್ನು ಕೊಡುತ್ತವೆ, ಆದರೆ ನೀವು ವಾಪಸ್ ಬಂದು ಕೆಲಸಕ್ಕೆ ಹಾಜರಾದ ಮೇಲೆ. ರಜೆಗೆಂದು ಹೋದ ಮೇಷ್ಟ್ರು ಊರಲ್ಲೇ ಉಳಿದುಬಿಟ್ಟ ಅನುಭವ ಅವರಿಗೂ ಆಗಿರುತ್ತದೆ. ಅದನ್ನು ತಪ್ಪು ಎನ್ನಲಾರೆ, ಆದರೆ ಮೊದಲೇ ತಿಳಿದಿದ್ದರೆ ಕೈಯಲ್ಲಿ ಖರ್ಚಿಗೆ ಇಟ್ಟುಕೊಳ್ಳಬಹುದು.

ವಾರ್ಷಿಕ ರಜೆಯನ್ನೂ ಕೇಳಬಹುದಾ? 2008ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ ಒಂದು ವರ್ಷ ಕೆಲಸ ಮಾಡಿದ ನೌಕರನಿಗೆ ಐದು ದಿನ ಸಂಬಳ ಸಹಿತ ರಜೆ ಇದೆ. ಹತ್ತು ವರ್ಷವಾದರೆ ಹತ್ತು ದಿನ, ಇಪ್ಪತ್ತಾದರೆ ಹದಿನೈದು. ಆದರೆ ಅದೇ ನಿಯಮ, ಚಳಿಗಾಲ ಬೇಸಿಗೆ ರಜೆ ಇರುವವರಿಗೆ ಆ ರಜೆಗಳು ಇದಕ್ಕಿಂತ ಜಾಸ್ತಿ ಇದ್ದರೆ ವಾರ್ಷಿಕ ರಜೆ ಇಲ್ಲ ಎನ್ನುತ್ತದೆ. ಹಾಗಾಗಿ ಶಾಲೆಯವರಿಗೆ ಇಲ್ಲ, ಟ್ಯೂಷನ್ ಸೆಂಟರಿನವರಿಗೆ ಉಂಟು. ತಂಗಿಯ ಮದುವೆ ನವೆಂಬರಿನಲ್ಲಿದೆ ಎಂದರೆ ಶಾಲೆಯ ಮೇಷ್ಟ್ರು ಸಂಬಳ ಬಿಟ್ಟೇ ಬರಬೇಕಾಗಬಹುದು. ಸಂಕ್ರಾಂತಿ ಕಳೆದು ಧನುರ್ಮಾಸ ಮುಗಿದ ಮೇಲಿನ ಮುಹೂರ್ತ ಇಡಿಸಿದರೆ ರಜೆಯೊಳಗೇ ಮದುವೆ ಮುಗಿಯುತ್ತದೆ. ಸಂಕ್ರಾಂತಿ ಹಬ್ಬ ಮಾತ್ರ ಸಾಮಾನ್ಯವಾಗಿ ಅಲ್ಲಿನ ಪರೀಕ್ಷೆಯ ಗಲಾಟೆಯಲ್ಲೇ ಕಳೆದುಹೋಗುತ್ತದೆ. ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ರಜೆ ಕೆಲವು ವರ್ಷ ದಸರಾಕ್ಕೆ ಸರಿಹೊಂದುತ್ತದೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಂದಿತ್ತು.

ಹೊರಡುವುದು, ಮತ್ತೆ ಒಳಗೆ ಬರುವುದು

ರಜೆ ಖಚಿತವಾದ ಮೇಲೂ ಪಾಸ್‌ಪೋರ್ಟ್ ಕೈಯಲ್ಲಿರಬೇಕಲ್ಲ. ಕೆಲಸದ ಜೆಡ್ ವೀಸಾದಲ್ಲಿ ಹೋದವರು ಚೀನಾ ತಲುಪಿದ 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ, ಅಂದರೆ ಅಲ್ಲಿ ವಾಸ ಮಾಡುವ ಪರವಾನಗಿಗೆ ಅರ್ಜಿ ಹಾಕಬೇಕು. ಜೆಡ್ ವೀಸಾ ಒಂದು ಸಲ ಒಳಗೆ ಬರಲು ಮಾತ್ರ. ರೆಸಿಡೆನ್ಸ್ ಪರ್ಮಿಟ್ ಬಂದ ಮೇಲೆ ಅದರ ಅವಧಿ ಮುಗಿಯುವವರೆಗೆ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಡಿಸೆಂಬರಿನಲ್ಲಿ ಕೆಲಸಕ್ಕೆ ಸೇರಿದವರು, ಅಥವಾ ಪರ್ಮಿಟ್ ನವೀಕರಣ ಜನವರಿಯಲ್ಲಿ ಬಂದವರು ಹುಷಾರಾಗಿರಬೇಕು. ಅರ್ಜಿಯ ಜೊತೆ ಪಾಸ್‌ಪೋರ್ಟನ್ನೂ ಕೊಟ್ಟಿರಬೇಕು. ಪರಿಶೀಲನೆಗೆ 15 ದಿನದವರೆಗೆ ಹಿಡಿಯಬಹುದು, ನಡುವೆ ಹಬ್ಬ ಬಂದರೆ ಆಫೀಸೂ ಮುಚ್ಚಿರುತ್ತದೆ. ಕೈಯಲ್ಲಿರುವ ರಸೀದಿಯಲ್ಲಿ ಬೆಂಗಳೂರಿಗೆ ಬರಲಾಗುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಪರ್ಮಿಟ್ ಮುಗಿಯುವವರು ನವೆಂಬರಿನಲ್ಲೇ ಶಾಲೆಯನ್ನು ಎಚ್ಚರಿಸುವುದು ಒಳ್ಳೆಯದು.

ಆಮೇಲೆ ಜನಸಾಗರ. ಹಬ್ಬದ ಹದಿನೈದು ದಿನ ಮೊದಲು ಶುರುವಾಗಿ 40 ದಿನ ನಡೆಯುವ ಓಡಾಟಕ್ಕೆ ಚುನ್‌ಯುನ್ ಎಂದು ಹೆಸರು. 2026ರಲ್ಲಿ ಅದು ಫೆಬ್ರವರಿ 2ರಿಂದ ಮಾರ್ಚ್ 13ರವರೆಗೆ ಇತ್ತು. 2025ರ ಚುನ್‌ಯುನ್‌ನಲ್ಲಿ ರಸ್ತೆ, ರೈಲು, ವಿಮಾನ, ದೋಣಿ ಎಲ್ಲ ಸೇರಿ ಸುಮಾರು 900 ಕೋಟಿ ಪ್ರಯಾಣಗಳು ನಡೆದವು ಎಂಬುದು ಸರ್ಕಾರದ ಲೆಕ್ಕ. ರೈಲು ಟಿಕೆಟ್ 12306 ಎಂಬ ಆ್ಯಪ್‌ನಲ್ಲಿ 15 ದಿನ ಮೊದಲು ಬಿಡುತ್ತಾರೆ. ಬಿಟ್ಟ ನಿಮಿಷಗಳಲ್ಲೇ ಮುಖ್ಯ ಮಾರ್ಗಗಳದ್ದು ಖಾಲಿ. ನೀವು ಸಣ್ಣ ಊರಿನಲ್ಲಿದ್ದರೆ ವಿಮಾನ ನಿಲ್ದಾಣಕ್ಕೆ ಹೋಗುವ ರೈಲಿನದ್ದೇ ದೊಡ್ಡ ತಲೆನೋವು. ಟಿಕೆಟ್ ಕಾಯ್ದಿರಿಸುವಾಗ ವಿಮಾನದ್ದಕ್ಕಿಂತ ಅದನ್ನು ಮೊದಲು ಯೋಚಿಸಿ.

2020ರ ಆರಂಭದಲ್ಲಿ ನಿಂತಿದ್ದ ಭಾರತ ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್ 26ಕ್ಕೆ ಇಂಡಿಗೋದ ಕೋಲ್ಕತಾ ಗುವಾಂಗ್‌ಝೌ ಹಾರಾಟದೊಂದಿಗೆ ಮತ್ತೆ ಶುರುವಾದವು. ನವೆಂಬರಿನಲ್ಲಿ ದಿಲ್ಲಿಯಿಂದ ಶಾಂಘೈ, ಗುವಾಂಗ್‌ಝೌಗಳಿಗೂ ಬಂದವು. ಬೆಂಗಳೂರಿನವರಿಗೆ ಹಾಂಗ್‌ಕಾಂಗ್, ಸಿಂಗಪುರ, ಕೌಲಾಲಂಪುರದ ದಾರಿಗಳೂ ಇವೆ. ಹಬ್ಬದ ಹಿಂದಿನ ವಾರ ಚೀನಾದಿಂದ ಹೊರಡುವ, ಹಬ್ಬ ಮುಗಿದ ಕೊನೆಗೆ ಚೀನಾಕ್ಕೆ ವಾಪಸಾಗುವ ಟಿಕೆಟ್‌ಗಳೇ ಜಾಸ್ತಿ ದುಬಾರಿ. ಶಾಲೆ ಬಿಟ್ಟ ಮರುದಿನವೇ ಹೊರಟರೆ, ಅಂದರೆ ಹಬ್ಬಕ್ಕೆ ಇನ್ನೂ ಎರಡು ವಾರ ಇರುವಾಗ, ಸ್ವಲ್ಪ ಉಸಿರಾಡಬಹುದು.

ಊರಿಗೆ ಬರದೆ ಅಲ್ಲೇ ಉಳಿಯುವವರು ಶಾಲೆಯ ಕ್ವಾರ್ಟರ್ಸ್‌ನಲ್ಲಿದ್ದರೆ ಮೆಸ್ ಮುಚ್ಚುತ್ತಾರಾ, ಗೇಟ್ ಬೀಗ ಯಾರ ಹತ್ತಿರ ಎಂದು ವಿಚಾರಿಸಿಟ್ಟುಕೊಳ್ಳಲಿ. ಹಬ್ಬದ ವಾರ ಸಣ್ಣ ಹೋಟೆಲು, ತರಕಾರಿ ಅಂಗಡಿಯವರೆಲ್ಲ ತಮ್ಮ ಹಳ್ಳಿಗೆ ಹೋಗಿರುತ್ತಾರೆ. ಅಕ್ಕಿ, ಬೇಳೆ ಮೊದಲೇ ತಂದಿಟ್ಟುಕೊಳ್ಳಬೇಕು.

ವರ್ಷಾನುಗಟ್ಟಲೆ ಅಲ್ಲೇ ಇರುವವರಿಗೆ ಈ ರಜೆಯ ಇನ್ನೊಂದು ಉಪಯೋಗವಿದೆ. ಬಹಳ ಜನ ಇದನ್ನು ಗಮನಿಸುವುದಿಲ್ಲ. ವರ್ಷಕ್ಕೆ 183 ದಿನ ಚೀನಾದಲ್ಲಿದ್ದು, ಹೀಗೆ ಸತತ ಆರು ವರ್ಷ ಕಳೆದರೆ, ಏಳನೇ ವರ್ಷವೂ ಅಷ್ಟೇ ದಿನ ಇದ್ದಾಗ ಬೇರೆ ದೇಶದಲ್ಲಿ ಬರುವ ಆದಾಯಕ್ಕೂ ಅಲ್ಲಿ ತೆರಿಗೆ ಕಟ್ಟುವ ಪ್ರಸಂಗ ಬರುತ್ತದೆ. ಊರಿನ ಮನೆ ಬಾಡಿಗೆ, ಬ್ಯಾಂಕಿನ ಬಡ್ಡಿ ಎಲ್ಲ ಇದರೊಳಗೆ ಬರಬಹುದು. ಆದರೆ ಆ ಆರು ವರ್ಷದಲ್ಲಿ ಯಾವುದಾದರೂ ಒಂದು ವರ್ಷ ಒಂದೇ ಸಲಕ್ಕೆ 30 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಲೆಕ್ಕ ಮತ್ತೆ ಮೊದಲಿನಿಂದ. ಈ ಎಣಿಕೆ 2019ರಿಂದ ಶುರು. ರಜೆ ಐದು ವಾರ ಇದ್ದು, ನೀವು 28 ದಿನಕ್ಕೇ ವಾಪಸ್ ಟಿಕೆಟ್ ತೆಗೆಯುತ್ತಿದ್ದರೆ ಇನ್ನೊಂದು ನಾಲ್ಕು ದಿನ ಊರಲ್ಲಿರಬಹುದೇನೋ ನೋಡಿ.

ವಾಪಸ್ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಹೋಟೆಲಿನಲ್ಲಿ ಇಳಿದುಕೊಳ್ಳದೆ ಮನೆಯಲ್ಲಿ ಇರುವ ವಿದೇಶಿಯರು 24 ಗಂಟೆಯೊಳಗೆ ಸ್ಥಳೀಯ ಪೊಲೀಸ್ ಠಾಣೆಯಲ್ಲಿ ವಿಳಾಸ ನೋಂದಾಯಿಸಬೇಕು ಎಂಬ ಕಾನೂನಿದೆ. ತಪ್ಪಿದರೆ ಎಚ್ಚರಿಕೆಯ ಜೊತೆ 2000 ಯುವಾನ್‌ವರೆಗೆ ದಂಡ ಬೀಳಬಹುದು. ಪರ್ಮಿಟ್, ವಿಳಾಸ ಎರಡೂ ಬದಲಾಗದಿದ್ದರೆ ಕೆಲವು ಊರುಗಳಲ್ಲಿ ಮತ್ತೆ ನೋಂದಣಿ ಕೇಳುವುದಿಲ್ಲ. ಕೆಲವು ಕಡೆ ಪ್ರತಿ ಸಲ ಗಡಿ ದಾಟಿ ಬಂದಾಗಲೂ ಕೇಳುತ್ತಾರೆ. ನಿಮ್ಮ ಠಾಣೆಯ ರೀತಿ ಏನು ಎಂದು ಹೊರಡುವ ಮೊದಲೇ ತಿಳಿದುಕೊಂಡಿರಿ. ಬಂದಿಳಿದ ದಿನ ರಾತ್ರಿ ಶಾಲೆಯ ಆಫೀಸಿನಲ್ಲಿ ಫೋನ್ ಎತ್ತುವವರು ಯಾರೂ ಇರುವುದಿಲ್ಲ.